ಎರಡನೆಯ ಬೆಲ್ಟ್

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನರರೋಗ ವಿಭಾಗದ ವೈದ್ಯರೇ, ಇಂದು ನಾವೆಲ್ಲ ಬೀಳ್ಕೊಡಲು ಸೇರಿರುವ ಬೆಲ್ಟ್ ಮೇಡಂ ಅವರೇ, ಗಾಲಿಕುರ್ಚಿಯಲ್ಲಿ, ಊರುಗೋಲಿನಲ್ಲಿ, ಮನೆಯವರ ಹೆಗಲಿನ ಆಸರೆಯಲ್ಲಿ ಈ ಸಭಾಂಗಣದ ಇಳಿಜಾರು ಹತ್ತಿ ಬಂದಿರುವ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ‘ಹಿರಿಯ ಫಿಸಿಯೋಥೆರಪಿಸ್ಟ್’ ಎಂದು ಅಚ್ಚಾಗಿದೆ. ಅದು ಯಾರೆಂದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಲಿಲ್ಲ. ಈಗಷ್ಟೇ ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಪತ್ರಿಕೆ ತೋರಿಸಿ ಕೇಳಿದರು, “ನಮ್ಮ ಬೆಲ್ಟ್ ಮೇಡಂ ಹೋಗ್ತಾರಂತಲ್ಲಮ್ಮ, ಅವರ ಜೊತೆ ಇವರೂ ಹೋಗ್ತಿದಾರಾ?” ಆದ್ದರಿಂದ ನಾನು ಬೆಲ್ಟ್ ಮೇಡಂ ಎಂದೇ ಹೇಳುತ್ತೇನೆ. ಅಧ್ಯಕ್ಷರು ಮನ್ನಿಸಬೇಕು.

ರೋಗಿಗಳ ಮನೆಯವರ ಪರವಾಗಿ ಐದು ನಿಮಿಷ ಮಾತನಾಡಿ ಎಂದಿದ್ದಾರೆ. ನಾನು ಶಾಲೆಯ ಟೀಚರು. ಗಂಟೆ ಹೊಡೆಯದೆ ಮಾತು ನಿಲ್ಲಿಸಿ ಅಭ್ಯಾಸವಿಲ್ಲ. ಯಾರಾದರೂ ಗಂಟೆ ಹೊಡೆದರೆ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಅವರು ಮತ್ತು ನನ್ನ ಮೈದುನ ಸೇರಿ ನಡೆಸುವ ಸಣ್ಣ ಅಂಗಡಿ, ಒಂದು ಕಡೆ ಔಷಧಿ ಅಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವರು. ನಿಮ್ಮಲ್ಲಿ ಕೆಲವರು ಬಂದಿದ್ದೀರಿ. ಕನ್ನಡಕ ಮಾರುವುದು ಬೇರೆ, ಕನ್ನಡಕ ಕೂರಿಸುವುದು ಬೇರೆ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಮಾರುವ ಕೆಲಸ ಮೈದುನನದು, ಕೂರಿಸುವ ಕೆಲಸ ಇವರದು. ಎದುರಿಗೆ ಕುಳಿತ ಅಪರಿಚಿತರ ಮುಖದ ಕಡೆಗೆ ಎರಡೂ ಕೈ ಒಟ್ಟಿಗೆ ಹೋಗಬೇಕು. ಎರಡು ಕಡ್ಡಿಗಳೂ ಎರಡು ಕಿವಿಗಳ ಮೇಲೆ ಒಂದೇ ಹೊತ್ತಿಗೆ ಇಳಿಯಬೇಕು. ಒಂದೇ ಕೈಯಲ್ಲಿ ಹಾಕಿದರೆ ಫ್ರೇಮು ಒಂದು ಬದಿಗೆ ಎಳೆದುಕೊಳ್ಳುತ್ತದೆ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಕೈ ಹತ್ತಿರ ಹೋಗಬೇಕು, ಮನುಷ್ಯ ಹತ್ತಿರ ಹೋಗಬಾರದು. ಇದು ಆ ಕೆಲಸದ ಮರ್ಯಾದೆ.

ಮನೆಯಲ್ಲೂ ಅವರು ಹಾಗೆಯೇ. ಕೈಯಳತೆಯ ದೂರದಲ್ಲಿ ನಿಲ್ಲುವ ಮನುಷ್ಯ. ನಾನು ಹೊಸ ಬಟ್ಟೆ ಹಾಕಿಕೊಂಡು ನಿಂತರೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಫ್ರೇಮು ನೋಡಿದ ಹಾಗೆ ನೋಡಿ, “ಪರವಾಗಿಲ್ಲ, ಸರಿಯಾಗಿ ಕೂತಿದೆ” ಅನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅದು ಹೊಗಳಿಕೆಯೋ ತಪಾಸಣೆಯೋ ತಿಳಿಯದೆ ನಾನು ಕನ್ನಡಿಯ ಮುಂದೆ ತುಂಬ ಹೊತ್ತು ಕಳೆದಿದ್ದೇನೆ. ಉಳಿದ ದೂರವನ್ನು ನಾನೇ ನಡೆದುಬಿಡುತ್ತಿದ್ದೆ. ಅವರು ಮಾತು ಶುರು ಮಾಡಿದರೆ ನಾನು ಮುಗಿಸುತ್ತಿದ್ದೆ. ನೀರು ಬೇಕು ಅನ್ನುವ ಮೊದಲೇ ಲೋಟ ತಂದಿಡುತ್ತಿದ್ದೆ. ಅವರ ಅಮ್ಮನಿಗೆ ಅವರು ಮಾಡಬೇಕಾದ ಫೋನನ್ನೂ ನಾನೇ ಮಾಡುತ್ತಿದ್ದೆ. ಸಂಸಾರ ಅಂದರೆ ಹೀಗೆಯೇ ಅಂದುಕೊಂಡಿದ್ದೆ. ಇದನ್ನೆಲ್ಲ ಇಲ್ಲಿ ಏಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ವಿಷಯಕ್ಕೆ ಬರುತ್ತೇನೆ.

ಅವರಿಗೆ ಸ್ಟ್ರೋಕ್ ಆದದ್ದು ಎಡಗಡೆಗೆ. “ದೇವರ ದಯೆ, ಬಲಗೈ ಉಳೀತು” ಎಂದು ನೋಡಲು ಬಂದವರೆಲ್ಲ ಹೇಳಿದರು. ಅವರು ಯಾರಿಗೂ ಎದುರು ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಕೇಳಿದರು, “ಒಂದೇ ಕಿವಿ ಇರೋ ಗಿರಾಕಿ ಎಲ್ಲಿ ಸಿಗ್ತಾರೆ?”

ಕಾಲು ಬೇಗ ಬಂತು. ಕೈ ತಡವಾಗಿ, ಅರೆಮನಸ್ಸಿನಿಂದ ಬಂತು. ಬೆರಳು ಹಿಡಿಯುತ್ತಿತ್ತು, ಬಿಡುತ್ತಿತ್ತು. ಆದರೆ ಎದುರಿಗಿದ್ದದ್ದನ್ನು ತೆಗೆದುಕೊಳ್ಳಲು ಹೊರಟರೆ ಮೊಣಕೈ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಅದರ ಬದಲು ಇಡೀ ಮೈ ಮುಂದಕ್ಕೆ ಬರುತ್ತಿತ್ತು. ಹೆಗಲು ಕಿವಿಯ ತನಕ ಏರಿ, ಎದೆ ಮೇಜಿಗೆ ತಾಗುವಷ್ಟು ಬಾಗಿ, ಕೊನೆಗೆ ಕೈ ಲೋಟ ಮುಟ್ಟುತ್ತಿತ್ತು. ಮುಟ್ಟಿತಲ್ಲ ಎಂದು ನಮಗೆ ಖುಷಿ. ಮಗಳು ಚಪ್ಪಾಳೆ ತಟ್ಟಿದಳು. ಅವರಿಗೂ ಧೈರ್ಯ ಬಂದು, ಯಾರ ಮಾತೂ ಕೇಳದೆ ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ತಮ್ಮ ಸ್ಟೂಲಿನ ಮೇಲೆ ಕುಳಿತರು.

ಮೊದಲ ಗಿರಾಕಿ ವಯಸ್ಸಾದ ಹೆಂಗಸು, ಹಳೆಯ ಪರಿಚಯ. ಇವರು ಕನ್ನಡಕ ಎತ್ತಿಕೊಂಡು ಎರಡೂ ಕೈ ಚಾಚಿದರು. ಕೈಗಳ ಹಿಂದೆ ಮುಖವೂ ಹೋಯಿತು. ಆ ಅಮ್ಮ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ, “ಏನಪ್ಪಾ, ಕನ್ನಡಕ ಹಾಕ್ತೀಯೋ, ಮುತ್ತು ಕೊಡ್ತೀಯೋ?” ಅಂದರಂತೆ. ಅಂಗಡಿಯೆಲ್ಲ ನಕ್ಕಿತಂತೆ. ಇವರೂ ನಕ್ಕರಂತೆ. ನೀವೂ ನಗಬಹುದು, ನಾನೂ ಮೈದುನ ಹೇಳಿದಾಗ ನಕ್ಕಿದ್ದೆ. ಆದರೆ ಅವರು ಮಧ್ಯಾಹ್ನಕ್ಕೇ ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದರು.

ಸಂಜೆ ಮೈದುನ ಬಂದ. ಒಳ್ಳೆಯ ಮಾತೇ ಆಡಿದ. “ಅಣ್ಣಾ, ನೀನು ಬಿಲ್ ಬರಿ. ಕೂರಿಸೋದಕ್ಕೆ ಬೇರೆ ಯಾರನ್ನಾದ್ರೂ ಇಟ್ಕೊಳೋಣ.”

“ಬಿಲ್ ಬರೆಯೋದಾದ್ರೆ ಮನೇಲೇ ಕೂತ್ಕೊಂಡು ಬರೀತೀನಿ ಬಿಡು.”

“ಕೋಪ ಮಾಡ್ಕೋಬೇಡ.”

“ಕೋಪ ಇಲ್ಲಪ್ಪ. ನಾನು ಕೂರಿಸೋನು. ಅಷ್ಟೆ.”

ಇಂಥ ಸ್ಥಿತಿಯಲ್ಲಿ ನಾವು ಈ ಆಸ್ಪತ್ರೆಯ ನೆಲಮಹಡಿಯ ಆ ಉದ್ದನೆಯ ಕೋಣೆಗೆ ಬಂದೆವು. ಬೆಲ್ಟ್ ಮೇಡಂ ಅವರ ಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ. ಎಲ್ಲರೂ ‘ಏನಾಗ್ತಿದೆ’ ಎಂದು ಕೇಳುತ್ತಿದ್ದರು. ಮೇಡಂ ಕೇಳಿದ್ದು, “ಏನು ಮುಟ್ಟಬೇಕು ನಿಮಗೆ?”

“ಜನರ ಕಿವಿ,” ಎಂದರು ಇವರು.

“ಯಾರ ಕಿವಿ?”

“ಯಾರದಾದ್ರೂ ಪರವಾಗಿಲ್ಲ ಮೇಡಂ. ಎರಡಿದ್ರೆ ಸಾಕು.”

ಮೇಡಂ ನಗಲಿಲ್ಲ. ಅಳತೆಪಟ್ಟಿ ತಂದು ಇವರ ಕಂಕುಳಿನಿಂದ ಗೆಣ್ಣಿನ ತನಕ ಅಳೆದು, ಅಷ್ಟೇ ದೂರದಲ್ಲಿ ಮೇಜಿನ ಮೇಲೆ ಒಂದು ಬಣ್ಣದ ಟೇಪು ಅಂಟಿಸಿದರು. ಆಮೇಲೆ ಆ ಅಗಲದ ಬೆಲ್ಟ್ ತಂದು ಇವರ ಎದೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟಿದರು. ಇಲ್ಲಿರುವ ಎಷ್ಟೋ ಜನಕ್ಕೆ ಆ ಬೆಲ್ಟಿನ ಪರಪರ ಸದ್ದು ಗೊತ್ತು. ಈಗ ಇವರು ಕೈ ಚಾಚಿದರೆ ಟೇಪು ಒಂದು ಗೇಣು ದೂರದಲ್ಲೇ ಉಳಿಯಿತು.

“ಬೆಲ್ಟ್ ಇಲ್ದಿದ್ರೆ ಮುಟ್ಟತ್ತೆ ಮೇಡಂ.”

“ಮುಟ್ಟತ್ತೆ ಸಾರ್. ಮುಟ್ಟೋದು ನಿಮ್ಮ ಬೆನ್ನು. ಕೈ ಅದರ ಜೊತೆ ಸುಮ್ಮನೆ ಬಸ್ಸಲ್ಲಿ ಕೂತ್ಕೊಂಡು ಬರ್ತಿದೆ.”

ನಂತರ ನನ್ನ ಕಡೆ ತಿರುಗಿ ವಿವರಿಸಿದರು. ಬೆನ್ನು ಕೆಟ್ಟದ್ದಲ್ಲ, ತುಂಬ ಒಳ್ಳೆಯದು, ಅದೇ ತೊಂದರೆ. ಕೈ ಸಾಲದು ಅಂತ ಕಂಡ ಕೂಡಲೇ ತಾನೇ ಎದ್ದು ಹೊರಡುತ್ತದೆ. ಕೆಲಸ ಆಗಿಬಿಡುತ್ತದೆ. ಆಮೇಲೆ ಕೈ ಕಲಿಯುವುದಾದರೂ ಏಕೆ? ನಾನು ತಲೆಯಾಡಿಸಿದೆ. ಚೆನ್ನಾಗಿ ಅರ್ಥವಾಯಿತು ಅಂದುಕೊಂಡೆ. ತರಗತಿಯಲ್ಲಿ ಪಕ್ಕದವನಿಗೆ ಉತ್ತರ ಹೇಳಿಕೊಡುವ ಮಕ್ಕಳಿಗೆ ‘ಸುಮ್ಮನಿರು, ಅವನೇ ಹೇಳಲಿ’ ಎಂದು ದಿನವೂ ಗದರಿಸುವವಳು ನಾನು. ನನಗೆ ಅರ್ಥವಾಗದೆ ಇರುತ್ತದೆಯೇ?

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಲ್ಟ್ ಎಲ್ಲರಿಗೂ ಇರಲಿಲ್ಲ. ಮೊದಲ ಸಾಲಿನಲ್ಲಿ ನಮ್ಮ ಲಾರಿ ಚಾಲಕ ಅಣ್ಣ ಕುಳಿತಿದ್ದಾರೆ. ಅವರಿಗೆ ಮೇಡಂ, “ನಿಮಗೆ ಬೇಡ ಅಣ್ಣ, ಬಾಗಿಯೇ ತಗೊಳ್ಳಿ, ಲೋಟ ಬಾಯಿಗೆ ಬರಬೇಕು, ಅಷ್ಟೇ ಮುಖ್ಯ” ಎಂದಾಗ ಅವರ ಮನೆಯವರು ಹೊರಗಿನ ಬೆಂಚಿನ ಮೇಲೆ ಅತ್ತರು. ಕೈಬಿಟ್ಟರು ಅಂದುಕೊಂಡರು. ಮೇಡಂ ಆಚೆ ಬಂದು ಅವರ ಪಕ್ಕ ಕುಳಿತು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. “ಅಕ್ಕಾ, ಅವರ ಕೈಗೆ ಈಗ ಬೆನ್ನೇ ಕಾಲು. ಅದನ್ನ ಕಟ್ಟಿಹಾಕಿದ್ರೆ ಮನುಷ್ಯ ಉಪವಾಸ ಬೀಳ್ತಾರೆ. ಯಾರನ್ನ ಕಟ್ಟಬೇಕು, ಯಾರನ್ನ ಬಿಡಬೇಕು ಅನ್ನೋದೇ ನನ್ನ ಕೆಲಸ.” ಬಾಗುವುದು ಸೋಲಲ್ಲ ಎಂದು ಅವರು ಅಂದು ಆ ಅಕ್ಕನಿಗೆ ಹೇಳಿದ್ದು ನನಗೂ ಬೇಕಾಗಿತ್ತು.

ಸರಿ. ಬೆಲ್ಟು ಮನೆಗೂ ಬಂತು. ಊಟದ ಮೇಜಿನ ಒಂದು ಕಡೆ ಅವರು, ಬೆಲ್ಟ್ ಕಟ್ಟಿಕೊಂಡು. ಎದುರಿಗೆ ಗಿರಾಕಿಯಾಗಿ ನಾನು. ನನ್ನ ಕುರ್ಚಿಯ ಕಾಲುಗಳಿಗೂ ನೆಲದ ಮೇಲೆ ಟೇಪಿನ ಗುರುತು. ಮಗಳು ಅಂಗಡಿಯವಳಾಗಿ, “ಬನ್ನಿ ಮೇಡಂ, ದೂರದ್ದೋ ಹತ್ತಿರದ್ದೋ?” ಎಂದು ಕೇಳುತ್ತಿದ್ದಳು. ಅವರು ಒಂದು ಖಾಲಿ ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮುಂದೆ ತರುತ್ತಿದ್ದರು. ಮೊದಮೊದಲು ನಡುದಾರಿಯಲ್ಲೇ ನಿಲ್ಲುತ್ತಿತ್ತು. ಬರಬರುತ್ತ ಮೂಗಿನ ತನಕ ಬಂತು. ಒಂದು ಸಂಜೆ ಕಡ್ಡಿಗಳೆರಡೂ ಕಿವಿಯ ಮೇಲೆ ಕುಳಿತೇಬಿಟ್ಟವು. ಅವರ ಕಣ್ಣಲ್ಲಿ ನೀರು ಬಂತು. ಮೈದುನನಿಗೆ ಫೋನ್ ಮಾಡಿ, “ನನ್ನ ಸ್ಟೂಲು ಒರೆಸಿಡು” ಎಂದರು.

ಆದರೆ ಆಸ್ಪತ್ರೆಯಲ್ಲಿ ಬೇರೆಯೇ ಕತೆ. ಅಂಗಡಿಯ ಕಿಟಕಿಯಲ್ಲಿ ಕನ್ನಡಕ ಹಾಕಿಡುವ ಬೊಂಬೆ ತಲೆಯೊಂದನ್ನು ಇವರು ಇಲ್ಲಿಗೆ ತಂದುಕೊಟ್ಟಿದ್ದರು. ಅದನ್ನು ಅಷ್ಟೇ ದೂರದಲ್ಲಿಟ್ಟರೆ ಕೈ ಪ್ರತಿ ಸಲವೂ ನಾಲ್ಕು ಬೆರಳು ಹಿಂದೆಯೇ ನಿಲ್ಲುತ್ತಿತ್ತು. ಇವರು ಬೊಂಬೆಯನ್ನು ಬೈದರು, “ಇದರ ಕಿವಿ ಹಿಂದಕ್ಕಿದೆ.” ನಾನು ಆಸ್ಪತ್ರೆಯನ್ನು ಬೈದೆ. “ಮನೇಲಿ ಚೆನ್ನಾಗಿ ಮಾಡ್ತಾರೆ ಮೇಡಂ. ಇಲ್ಲಿಗೆ ಬಂದ್ರೆ ಪರೀಕ್ಷೆ ಥರ ಆಗತ್ತೆ, ಹೆದರ್ತಾರೆ. ನೀವು ಅವರನ್ನ ಇನ್ನೂ ಸ್ವಲ್ಪ ನಂಬಬೇಕು.” ನಾನು ಅಷ್ಟು ಗಟ್ಟಿಯಾಗಿ ಹೇಳಿದೆ ಅಂದರೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೇಡಂ ವಾದ ಮಾಡಲಿಲ್ಲ. “ಮನೆಗೆ ಬರ್ತೀನಿ, ತೋರಿಸಿ” ಎಂದರು.

ಬಂದರು. ಚಹಾ ಬೇಡ ಎಂದರು. ಬಾಗಿಲ ಪಕ್ಕ ನಿಂತು ನೋಡಿದರು. ಫ್ರೇಮು ಬಂತು, ಕಿವಿಯ ಮೇಲೆ ಕುಳಿತಿತು. ನಾನು ಗೆದ್ದವಳ ಹಾಗೆ ಅವರ ಮುಖ ನೋಡಿದೆ. “ಇನ್ನೊಂದ್ಸಲ” ಎಂದರು. ಇನ್ನೊಂದು ಸಲವೂ ಕುಳಿತಿತು. ಆಗ ಮೇಡಂ ತಮ್ಮ ಚೀಲಕ್ಕೆ ಕೈಹಾಕಿ ಇನ್ನೊಂದು ಬೆಲ್ಟ್ ತೆಗೆದರು. ಯಜಮಾನರಿಗೆ ಎರಡನೆಯದು ಏಕೆ, ಹೊಟ್ಟೆಗೂ ಕಟ್ಟುತ್ತಾರೇನೋ ಎಂದು ನಾನು ಯೋಚಿಸುತ್ತಿರುವಾಗಲೇ ಮೇಡಂ ಮೇಜನ್ನು ಸುತ್ತಿ ನನ್ನ ಹಿಂದೆ ಬಂದರು.

“ಸ್ವಲ್ಪ ಕೈ ಎತ್ತಿ ಮೇಡಂ.”

“ನನಗಾ?”

“ಸುಮ್ಮನೆ. ಒಂದೇ ಸಲ.”

ಮಗಳು ಬಿದ್ದೂ ಬಿದ್ದೂ ನಕ್ಕಳು. “ಅಮ್ಮಂಗೆ ಬೆಲ್ಟು! ಅಮ್ಮಂಗೆ ಬೆಲ್ಟು!” ನಾನೂ ನಗುತ್ತ ಕೈ ಎತ್ತಿದೆ. ಎದೆಯ ಮೇಲೆ ಪಟ್ಟಿ ಬಿಗಿಯಾಯಿತು. “ಈಗ ಹಾಕಿ ಸಾರ್.”

ಫ್ರೇಮು ಬಂತು. ಹತ್ತಿರ ಬಂತು. ನನ್ನ ಕಣ್ಣೆದುರು ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಆ ಕ್ಷಣದಲ್ಲಿ ನನ್ನ ಎದೆಗೆ ಪಟ್ಟಿ ಒತ್ತಿತು. ಯಾರೂ ಇನ್ನಷ್ಟು ಬಿಗಿ ಮಾಡಿರಲಿಲ್ಲ. ನಾನೇ ಅದರ ವಿರುದ್ಧ ಮುಂದಕ್ಕೆ ಹೋಗುತ್ತಿದ್ದೆ. ನನಗೆ ಗೊತ್ತೇ ಇಲ್ಲದೆ ನನ್ನ ಬೆನ್ನು ಎದ್ದು ಹೊರಟಿತ್ತು.

ಮಗಳ ನಗು ನಿಂತಿತು. ಅವರು ಫ್ರೇಮನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

“ನೀನು ಬರ್ತಿದ್ಯಾ?” ಎಂದರು. “ಇಷ್ಟು ದಿನ ನೀನು ಬರ್ತಿದ್ಯಾ?”

ಸಭಿಕರೇ, ಇದಕ್ಕೆ ಏನೆಂದು ಉತ್ತರ ಕೊಡುವುದು? ಗೊತ್ತಿರಲಿಲ್ಲ ರೀ ಎಂದೆ. ಅದು ನಿಜ. ಆದರೆ ಒಬ್ಬ ಮನುಷ್ಯ ತನ್ನದೆಂದು ನಂಬಿದ್ದ ನಾಲ್ಕು ಬೆರಳು ದೂರ ತನ್ನದಲ್ಲ ಎಂದು ತಿಳಿದಾಗ, ನಿಜ ಹೇಳಿದರೆ ಏನು ಸಮಾಧಾನ? ಅವರು ಬೆಲ್ಟ್ ಬಿಚ್ಚಿಕೊಂಡು ಒಳಗೆ ಹೋದರು. ಮೈದುನನಿಗೆ ಫೋನ್ ಮಾಡಿದ್ದು ಕೇಳಿಸಿತು. “ಬಿಲ್ ಬರೀತೀನಿ. ಹೂಂ. ಬೇರೆ ಯಾರನ್ನಾದ್ರೂ ನೋಡು.” ಆ ಮಾತನ್ನು ಮಾತ್ರ ನಾನು ಮುಗಿಸಬೇಕಾಗಿರಲಿಲ್ಲ, ಅವರೇ ಪೂರ್ತಿ ಮುಗಿಸಿದ್ದರು.

ಮೇಡಂ ಹೊರಡುವಾಗ ಗೇಟಿನ ಬಳಿ ನಾನು ಕೇಳಿದೆ, ಹೀಗೆ ಎಲ್ಲರ ಮನೆಯಲ್ಲೂ ಆಗುತ್ತದಾ ಎಂದು. “ಅಮ್ಮಂದಿರು ಮಗುಗೆ ತುತ್ತು ಕೊಡುವಾಗ ತಾವೂ ಬಾಯಿ ತೆರೀತಾರಲ್ಲ, ಹಾಗೆ,” ಎಂದರು. “ಅದು ತಪ್ಪಲ್ಲ ಮೇಡಂ. ಆದ್ರೆ ಗಿರಾಕಿಗಳು ನಿಮ್ಮ ಹಾಗೆ ಬರಲ್ಲ.”

ಆಮೇಲೆ ಕೆಲವು ದಿನ ಆ ಮೇಜಿನಲ್ಲಿ ಊಟ ಮಾತ್ರ ನಡೆಯಿತು. ನಾನು ಹಳೆಯ ಅಭ್ಯಾಸದಂತೆ ಸಮಾಧಾನ ಹೇಳಲು ಹೋಗುತ್ತಿದ್ದೆ, ಅವರ ಕೋಪಕ್ಕೂ ನಾನೇ ಮಾತು ಹುಡುಕಿಕೊಡುತ್ತಿದ್ದೆ. ಮಗಳೇ ಒಮ್ಮೆ ಸಿಡುಕಿದಳು, “ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?” ಹದಿಹರೆಯದವರು ಹೇಳುವುದರಲ್ಲಿ ಅರ್ಧವನ್ನು ಕಿವಿಗೆ ಹಾಕಿಕೊಳ್ಳಬಾರದು. ಇದು ಇನ್ನರ್ಧದ್ದು.

ಮರುದಿನ ಶಾಲೆಯಿಂದ ಬಂದವಳೇ ನನ್ನ ಕುರ್ಚಿಯನ್ನು ಟೇಪಿನ ಗುರುತಿನ ಮೇಲಿಟ್ಟು ಕುಳಿತೆ. ಮಗಳಿಗೆ ಬೆಲ್ಟ್ ಕಟ್ಟಲು ಹೇಳಿದೆ. ಅವರಿಗಲ್ಲ, ನನಗೆ. ಅವರನ್ನು ಕರೆಯಲಿಲ್ಲ. ಅವರು ಒಳಗಿನ ಕೋಣೆಯಿಂದ ಬಂದು ನೋಡಿದರು, ನೀರು ಕುಡಿದರು, ಹೋದರು. ಸುಮ್ಮನೆ ಕುಳಿತಿರುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ನಾಲಿಗೆ ತುದಿಯಲ್ಲಿ ಹತ್ತು ಮಾತಿದ್ದವು. ಬೆಲ್ಟು ಎದೆಗಷ್ಟೇ ಇತ್ತು, ಬಾಯಿಗೆ ನಾನೇ ಕಟ್ಟಿಕೊಳ್ಳಬೇಕಾಗಿತ್ತು. ಅವರು ಮತ್ತೆ ಬಂದರು. ಎದುರಿನ ಕುರ್ಚಿ ಎಳೆದುಕೊಂಡರು.

“ಕಟ್ಟಿದಾಳಾ ಸರಿಯಾಗಿ?” ಎಂದರು. “ಸಡಿಲ ಇದ್ರೆ ಮತ್ತೆ ಮೋಸ.”

“ಎಳೆದು ನೋಡಿ.”

ಎಳೆದು ನೋಡಿದರು. ಎಡಗೈಯಲ್ಲೇ.

ಅಂದಿನಿಂದ ನಮ್ಮ ಮನೆಯ ಸಂಜೆಗಳು ಹಾಗೆ. ಇಬ್ಬರೂ ಕಟ್ಟಿಕೊಂಡು ಎದುರುಬದುರು. ಗಂಡಹೆಂಡತಿ ವಿಮಾನದಲ್ಲಿ ಹೊರಟ ಹಾಗೆ ಎಂದು ಅತ್ತೆ ಗೇಲಿ ಮಾಡಿದರು. ಎಷ್ಟು ವಾರಗಳಾದವೋ ನಾನು ಎಣಿಸಲಿಲ್ಲ. ಆದರೆ ಆ ಕೈ ಬರುವುದನ್ನು ನಾನು ಮೊದಲ ಬಾರಿಗೆ ನೋಡಿದೆ. ಮೊದಲೆಲ್ಲ ಅದು ಬಂದು ಸೇರಬೇಕೆಂಬ ಆತುರದಲ್ಲಿ ಅದನ್ನು ನೋಡಿರಲೇ ಇಲ್ಲ. ಹೆಗಲು ಮೇಲೇರಲು ಹೋಗುತ್ತದೆ, ಅವರು ಅದನ್ನು ಇಳಿಸುತ್ತಾರೆ. ಮೊಣಕೈ ಒಂದು ಕ್ಷಣ ಯೋಚಿಸುತ್ತದೆ. ಆಮೇಲೆ, ತುಕ್ಕು ಹಿಡಿದ ಕಿಟಕಿ ತೆರೆದ ಹಾಗೆ, ಸ್ವಲ್ಪ, ಇನ್ನೂ ಸ್ವಲ್ಪ. ನನ್ನ ಗಂಡ ನನ್ನ ಕಡೆಗೆ ಬರುವುದನ್ನು ನಾನು ಇಷ್ಟು ವರ್ಷದಲ್ಲಿ ಕುಳಿತು ನೋಡಿದ್ದು ಆಗಲೇ. ಇದನ್ನು ಬರೆದುಕೊಂಡಿರಲಿಲ್ಲ, ಬಾಯಿಗೆ ಬಂತು, ಹೇಳಿಬಿಟ್ಟೆ.

ಒಂದು ದಿನ ಎಡಗಿವಿಯ ಹಿಂದೆ ತಣ್ಣಗಿನ ಕಡ್ಡಿ ತಾಗಿತು. ಆಮೇಲೆ ಬಲಗಿವಿಗೆ. ಪಟ್ಟಿ ನನ್ನ ಎದೆಗೆ ಒತ್ತಿರಲಿಲ್ಲ. ನಾನು ಅಲ್ಲಾಡಿರಲಿಲ್ಲ. ಈಗ ಏನೋ ಹೇಳುತ್ತಾರೆ, ನನ್ನ ಕೈ ಹಿಡಿಯುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಅವರು ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, “ಎಡಕ್ಕೆ ಸ್ವಲ್ಪ ಇಳಿದಿದೆ” ಎಂದು ಎರಡೂ ಕೈ ಚಾಚಿ ಫ್ರೇಮನ್ನು ತೆಗೆದರು. ಕಡ್ಡಿ ಬಗ್ಗಿಸಿದರು. ಮತ್ತೆ ಹಾಕಿದರು. ನನ್ನನ್ನು ನೋಡಲೇ ಇಲ್ಲ, ಫ್ರೇಮನ್ನೇ ನೋಡುತ್ತಿದ್ದರು. ನನಗೆ ಅಷ್ಟು ಸಂತೋಷವಾಗಿದ್ದು ಬೇರೆ ಯಾವಾಗ ಎಂದು ನೆನಪಿಲ್ಲ.

ಈಗ ಅವರು ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದಣಿವಾಗಿ ಬೆನ್ನು ಮತ್ತೆ ಬಾಗಲು ಶುರುವಾಗುತ್ತದೆ, ಆಗ ಸ್ಟೂಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಿಲ್ ಬರೆಯುತ್ತಾರೆ. ಅದಕ್ಕೂ ಈಗ ಕೋಪವಿಲ್ಲ. ಮನೆಯಲ್ಲಿ ಅವರ ಮಾತನ್ನು ನಾನು ಮುಗಿಸುವುದಿಲ್ಲ ಎಂದು ಹೇಳಿದರೆ ಮಗಳು ಅಲ್ಲಿಂದಲೇ ಎದ್ದು ನಿಲ್ಲುತ್ತಾಳೆ. ಕಡಿಮೆ ಮಾಡಿದ್ದೇನೆ. ಕಾದರೆ ಅವರು ಹೇಳುವುದು ನಾನು ಊಹಿಸಿದ್ದಕ್ಕಿಂತ ಬೇರೆಯೇ ಇರುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿದ ವಿಷಯ. ಇದಕ್ಕೂ ಬೆಲ್ಟ್ ಬೇಕಾ ಮೇಡಂ ಎಂದು ಒಮ್ಮೆ ಕೇಳಿದ್ದೆ. “ನಾನು ಕೈಗೆ ಕಲಿಸೋಳು, ಸಂಸಾರಕ್ಕಲ್ಲ, ನನ್ನನ್ನ ಎಳೀಬೇಡಿ” ಎಂದು ನಕ್ಕಿದ್ದರು.

ಮೇಡಂ, ನೀವು ಇನ್ನು ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತೀರಿ. ಅಲ್ಲಿಯ ಜನ ನಿಮಗೆ ಬೇರೆ ಯಾವ ಹೆಸರಿಡುತ್ತಾರೋ. ನಿಮಗೆ ಏನು ಕೊಡುವುದು ಎಂದು ನಾವು ಮನೆಯಲ್ಲಿ ಚರ್ಚೆ ಮಾಡಿದೆವು. ನಾನು ಪುಸ್ತಕ ಅಂದೆ, ಮಗಳು ಗಡಿಯಾರ ಅಂದಳು. ಅವರು ಏನೋ ಹೇಳಲು ಶುರು ಮಾಡಿದರು, ನಾವು ಕಾದೆವು. “ಮೇಡಂ ನಮ್ಮ ಚೀಟಿ ಓದುವಾಗ ಕೈಯನ್ನ ದೂರ ದೂರ ಹಿಡೀತಾರೆ, ನೋಡಿದೀಯಾ?” ಎಂದರು. “ನಲವತ್ತು ದಾಟಿದ ಮೇಲೆ ಎಲ್ಲರಿಗೂ ತೋಳು ಸಾಲದೆ ಬರತ್ತೆ. ಅದಕ್ಕೆ ನಮ್ಮ ಹತ್ರ ಔಷಧಿ ಇದೆ.” ಹೋದ ವಾರ ಕಣ್ಣಿನ ವಿಭಾಗದವರು ನಿಮ್ಮನ್ನು ಸುಮ್ಮಸುಮ್ಮನೆ ಕರೆದು ಪರೀಕ್ಷೆ ಮಾಡಿದ್ದು ಏಕೆಂದು ಈಗ ನಿಮಗೆ ಗೊತ್ತಾಗಿರಬಹುದು.

ಅಗೋ, ನಮ್ಮ ಯಜಮಾನರು ಎದ್ದಿದ್ದಾರೆ. ನಿಮ್ಮ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ವೇದಿಕೆಯ ಮೆಟ್ಟಿಲಿನ ಬಳಿ ಬರುತ್ತಿದ್ದಾರೆ. ಅಧ್ಯಕ್ಷರೇ, ದಯವಿಟ್ಟು ಏಳಬೇಡಿ, ಕೈ ಕೊಡಬೇಡಿ, ಕಂಬಿ ಇದೆ. ಸ್ವಯಂಸೇವಕರೂ ಇದ್ದಲ್ಲೇ ಇರಿ. ಒಂದು ಕುರ್ಚಿ ಮಾತ್ರ ಮೇಡಂ ಎದುರಿಗೆ, ತೋಳುದ್ದಕ್ಕೆ, ಹಾಂ, ಅಲ್ಲೇ. ಸಾಕು.

ಮೇಡಂ, ನೀವು ನಿಮ್ಮ ಬೆನ್ನನ್ನು ಕುರ್ಚಿಗೆ ಕೊಟ್ಟು ಕೂರಬೇಕು. ಮುಖ ಮುಂದೆ ತರಬಾರದು. ನಿಮಗೆ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ, ಆದರೆ ಇಷ್ಟು ಜನ ನೋಡುತ್ತಿರುವಾಗ, ಆ ಕೈ ಸ್ವಲ್ಪ ನಡುಗಿದರೆ, ನಿಮಗೂ ತಡೆಯಲಾಗದೆ ಹೋಗಬಹುದು. ನನ್ನ ಚೀಲದಲ್ಲಿ ಬೆಲ್ಟ್ ಇದೆ.

ನಮ್ಮ ಮನೆಯ, ಇಲ್ಲಿರುವ ಎಲ್ಲ ಮನೆಗಳ ಪರವಾಗಿ ನಿಮಗೆ ಕೃತಜ್ಞತೆಗಳು. ಇಷ್ಟು ಹೊತ್ತು ಗಂಟೆ ಹೊಡೆಯದೆ ಕುಳಿತಿದ್ದ ನಿಮಗೂ. ಚಪ್ಪಾಳೆ ಈಗಲೇ ಬೇಡ, ಅವರಿಗೆ ಗಮನ ತಪ್ಪುತ್ತದೆ. ಸ್ವಲ್ಪ ತಡವಾಗಬಹುದು. ನಾವೆಲ್ಲ ನಮ್ಮ ನಮ್ಮ ಜಾಗದಲ್ಲೇ ಇರೋಣ. ನಾನೂ ಇಲ್ಲೇ, ಈ ಮೈಕಿನ ಪಕ್ಕದಲ್ಲೇ ನಿಲ್ಲುತ್ತೇನೆ. ನಮಸ್ಕಾರ.